ಸ್ತಮಾತೂಲಾ ಮುಟ್ಟದೆ ಬಿಟ್ಟ ಮೀನು

ಸ್ತಮಾತೂಲಾ ಹುಟ್ಟಿದ್ದು ಕೊಲ್ಲಿಯ ಮೇಲಿನ ಗುಡ್ಡದಲ್ಲಿ, ಆಡು ಸಾಕುವವರ ಮನೆಯಲ್ಲಿ. ಮದುವೆಯಾಗಿ ದಂಡೆಗೆ ಇಳಿದ ಮೇಲೂ ಅವಳ ನಡಿಗೆ ಗುಡ್ಡದವರದೇ. ದೋಣಿಯಲ್ಲೂ ಕಲ್ಲು ನೋಡಿ ಕಾಲಿಡುವವಳಂತೆ ನಡೆಯುತ್ತಿದ್ದಳು. ಸಮುದ್ರದಲ್ಲಿ ಕಟ್ಟಿದ ಬಲೆಪಂಜರಗಳ ಮೀನಿಗೆ ಮೇವು ಹಾಕುವುದು ಹದಿನಾಲ್ಕು ವರ್ಷದಿಂದ ಅವಳ ಕೆಲಸ. ದೋಣಿ ನಡೆಸುತ್ತಿದ್ದವನು ನಾನು. ಅವಳು ಒಂದು ಹಿಡಿ ಎರಚಿದರೆ ಸಾಕು, ತ್ಸಿಪೂರಾ ಎಂಬ ಜಾತಿಯ ಮೀನುಗಳು ಮುಗಿಬಿದ್ದು ನೀರನ್ನೇ ಕುದಿಸಿಬಿಡುತ್ತಿದ್ದವು.

ಆ ಫೆಬ್ರವರಿಯಲ್ಲಿ ಬಡಗಾಳಿ ಒಂಬತ್ತು ದಿನ ಬಿಡದೆ ಬೀಸಿತು. ನೀರು ಹನ್ನೊಂದು ಡಿಗ್ರಿಗೆ ಇಳಿಯಿತು. ಎರಚಿದ ಮೇವು ಹಾಗೇ ತಳಕ್ಕೆ ಹೋಯಿತು. ಮೀನುಗಳು ಬಲೆಯ ಅಡಿಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಕೆಲವು ಮಗ್ಗುಲಿಗೆ ವಾಲಿದ್ದವು. ಬದುಕಿವೆಯೋ ಸತ್ತಿವೆಯೋ ತಿಳಿಯುವಂತಿರಲಿಲ್ಲ.

ಚಳಿಗೆ ಸೆಟೆದ ಆಡಿನ ಮರಿಯನ್ನು ಒಳಗೆ ತಂದು, ಗೋಣಿಯಿಂದ ಉಜ್ಜಿ, ಬೆಚ್ಚಗಿನ ಹಾಲು ಕುಡಿಸಬೇಕು. ಅವಳಿಗೆ ಗೊತ್ತಿದ್ದದ್ದು ಅದು. ಮೂರನೆಯ ಪಂಜರದಲ್ಲಿ ವಾಲಿದ್ದ ಇಪ್ಪತ್ತೊಂದು ಮೀನುಗಳನ್ನು ಕೈಬಲೆಯಿಂದ ಎತ್ತಿ ದೋಣಿಯ ತೊಟ್ಟಿಗೆ ಬಿಟ್ಟಳು. ಒಂದೊಂದನ್ನೂ ಅಂಗೈಗಳ ನಡುವೆ ಹಿಡಿದು ನೆಟ್ಟಗೆ ನಿಲ್ಲಿಸಲು ನೋಡಿದಳು. ಸಂಜೆಯೊಳಗೆ ಹತ್ತೊಂಬತ್ತು ಸತ್ತವು. ನಾಲ್ಕನೆಯ ಪಂಜರದಲ್ಲಿ ವಾಲಿದ್ದವನ್ನು ಹೊತ್ತು ಸಾಲದೆ ಬಿಟ್ಟಿದ್ದಳು. ಮರುದಿನ ಹೋಗಿ ನೋಡಿದರೆ ಅವುಗಳಲ್ಲಿ ಎಷ್ಟೋ ನೆಟ್ಟಗಾಗಿದ್ದವು.

"ನಾನು ಕೊಂದ್ನಾ, ಇಲ್ಲ ಅವು ಸಾಯೋವೇ ಆಗಿದ್ವಾ?" ಎಂದು ನನ್ನನ್ನು ಕೇಳಿದಳು.

ಪೇಟೆಯಿಂದ ಪಶುವೈದ್ಯೆ ಎವ್ದೋಕಿಯಾ ಬಂದಳು. ಸತ್ತ ಮೀನೊಂದನ್ನು ಹಲಗೆಯ ಮೇಲೆ ಕೊಯ್ದು, ಕೊಬ್ಬು ತುಂಬಿ ಬಿಳಿಚಿದ್ದ ಲಿವರ್ ತೋರಿಸಿದಳು.

"ಅಕ್ಕ, ಈ ಚಳೀಲಿ ಅವಕ್ಕೆ ತಿಂದದ್ದು ಅರಗಲ್ಲ. ನೀರಿಂದ ಎತ್ತಿದ್ರೆ ಒದ್ದಾಡಿ, ಇರೋ ಚೂರು ಕಸುವೂ ಹೋಗತ್ತೆ. ಮೇವು ನಿಲ್ಸಿ, ಮುಟ್ಟಬೇಡಿ."

"ಹಸ್ಕೊಂಡು ಬಿದ್ದಿರೋವನ್ನ ಸುಮ್ನೆ ನೋಡ್ತಾ ಕೂರೋದಾ?"

"ಅವಕ್ಕೆ ಹಸಿವೇ ಇಲ್ಲಕ್ಕ. ಹಸಿವು ಕಾಣ್ತಿರೋದು ನಿಮಗೆ."

ಮೇಸ್ತ್ರಿ ಪಂತಾಜಿಸ್ ಒಪ್ಪಲಿಲ್ಲ. ಬಲೆಯ ಕಣ್ಣೆಲ್ಲ ಪಾಚಿ ಕಟ್ಟಿದೆ, ನೀರು ಆಡುತ್ತಿಲ್ಲ, ಬಲೆ ಬದಲಿಸದಿದ್ದರೆ ಮೀನು ಉಸಿರುಕಟ್ಟಿ ಸಾಯುತ್ತವೆ ಎಂದ. ಬಲೆ ಬದಲಿಸಬೇಕಾದರೆ ಮೀನನ್ನೆಲ್ಲ ಒಂದು ಕಡೆ ಒತ್ತಿ ಸಾಗಿಸಬೇಕು. ಎವ್ದೋಕಿಯಾ ಬಲೆಯನ್ನು ಬಗ್ಗಿ ನೋಡಿ, ಅದೂ ನಿಜವೇ, ಆದರೆ ಆದಷ್ಟು ಕಾಯಿರಿ ಎಂದಳು. ಒಬ್ಬಳೇ ಎರಡು ಮಾತಾಡಿದರೆ ಯಾವುದನ್ನು ಹಿಡಿಯುವುದೆಂದು ಸ್ತಮಾತೂಲಾಗೆ ತೋಚಲಿಲ್ಲ.

ಪಂತಾಜಿಸ್ ಮೂರನೆಯದರ ಬಲೆ ಬದಲಿಸಿಯೇಬಿಟ್ಟ. ನಾಲ್ಕನೆಯದನ್ನು ಬಿಟ್ಟುಬಿಡು ಎಂದು ಅವಳು ಕೇಳಿಕೊಂಡಾಗ ನಕ್ಕ.

"ಹಾಗಾದ್ರೆ ನಾಲ್ಕನೇದು ನಿಂದು. ಸತ್ರೆ ನನ್ ಹತ್ರ ಅಳ್ತಾ ಬರಬೇಡ."

ಮೂರನೆಯದರಲ್ಲಿ ಐದು ದಿನ ಒಂದೇ ಸಮನೆ ಸತ್ತ ಮೀನು ತೇಲಿದವು. ನಾಲ್ಕನೆಯದರ ಬಳಿ ಅವಳು ದಿನಾ ಬಗ್ಗಿ ನೋಡುತ್ತ ನಿಲ್ಲುತ್ತಿದ್ದಳು. ಅಲ್ಲಿ ಸಾವು ಅಷ್ಟಿಲ್ಲ ಎಂದುಕೊಳ್ಳುವಷ್ಟರಲ್ಲಿ, ಗಾಳಿ ನಿಂತ ಒಂದು ಬೆಳಗ್ಗೆ ಮುನ್ನೂರು ಒಟ್ಟಿಗೆ ತೇಲಿದವು. ಪಾಚಿಯಿಂದ ಎಂದ ಪಂತಾಜಿಸ್. ಚಳಿಯಿಂದ ಎಂದಳು ವೈದ್ಯೆ. ಕೊನೆಗೆ ಲೆಕ್ಕ ಹಾಕಿದಾಗ ನಾಲ್ಕನೆಯದರಲ್ಲಿ ಸತ್ತದ್ದು ಮೂರನೆಯದರ ಅರ್ಧದಷ್ಟೂ ಇರಲಿಲ್ಲ. ಅವಳಿಗೆ ಸಮಾಧಾನವಾಗಲಿಲ್ಲ.

"ಆ ಮುನ್ನೂರು ನಾನು ಸುಮ್ನಿದ್ದಿದ್ದಕ್ಕೇ ಸತ್ತಿದ್ರೆ?" ಎಂದಳು.

ಮಾರ್ಚ್ ಕೊನೆಗೆ ನೀರು ಹದಿನೈದಕ್ಕೆ ಏರಿತು, ಮೀನು ಮತ್ತೆ ಮೇವಿಗೆ ಬಂದವು. ಆ ವರ್ಷ ಬಲೆ ಬದಲಿಸುವುದು, ಮೀನು ವಿಂಗಡಿಸುವುದು ಎಲ್ಲವನ್ನೂ ಪಂತಾಜಿಸ್ ಅಕ್ಟೋಬರಿನಲ್ಲೇ, ನೀರು ಬೆಚ್ಚಗಿರುವಾಗಲೇ ಮುಗಿಸಿದ. ಚಳಿಯಲ್ಲಿ ಮತ್ತೆ ಯಾವ ಪಂಜರದ ಮೀನನ್ನೂ ಮುಟ್ಟುವ ಪ್ರಮೇಯ ಬರಬಾರದಲ್ಲ.