ಹಳೇ ಹಾಸಿಗೆಯನ್ನು ನದಿಗೆ ಮರಳಿಸಿದಾಕೆ

ಬೆಳಗಿನ ಐದೂಮುಕ್ಕಾಲು. ನದಿಯ ಮೇಲಿನ ಮಂಜು ಇನ್ನೂ ಏಳುವ ಮನಸ್ಸು ಮಾಡಿಲ್ಲ. ಸೇತುವೆಯ ಕೆಳಗಿನಿಂದ ಕಿತ್ತಳೆ ಬಣ್ಣದ ಕಯಾಕ್ ಒಂದು ಹೊರಡುತ್ತದೆ. ಒಬ್ಬರೇ ಕಾಲು ಚಾಚಿ ಕೂರಬಹುದಾದ, ಸೌತೆಕಾಯಿಯಂತೆ ನೀಳವಾದ ಪ್ಲಾಸ್ಟಿಕ್ ದೋಣಿ. ಅದರಲ್ಲಿ ಕೂತ ಐವತ್ತೆರಡರ ಹೆಂಗಸು ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಕುತ್ತಾರೆ. ಹಿಂದೆ, ಹಗ್ಗಕ್ಕೆ ಕಟ್ಟಿದ ಸ್ಪಂಜಿನ ಹಾಸಿಗೆಯೊಂದು ಅರ್ಧ ಮುಳುಗಿ ಅರ್ಧ ತೇಲುತ್ತ ಬರುತ್ತಿದೆ. ಇಬ್ಬರು ಮಲಗುವ ಹಾಸಿಗೆ. ಹರಿದ ಕಡೆಯೆಲ್ಲ ಸ್ಪಂಜು ಹೂವಾಗಿ ಅರಳಿದೆ.

ಸೇತುವೆಯ ಮೇಲೆ ವಾಕಿಂಗ್ ಬಂದ ಗಂಡಸೊಬ್ಬರು ನಿಂತು ನೋಡುತ್ತಾರೆ. ಈಕೆ ಹಾಸಿಗೆಯನ್ನು ದಡಕ್ಕೆ ಒಯ್ಯುತ್ತಿಲ್ಲ, ದಡದಿಂದ ನೀರಿಗೆ ಒಯ್ಯುತ್ತಿದ್ದಾರೆ ಎಂಬುದು ಅರ್ಥವಾದ ಮೇಲೆ ಅವರಿಗೆ ತಡೆಯಲಾಗುವುದಿಲ್ಲ. ನದಿಗೆ ಕಸ ಹಾಕಲು ನಾಚಿಕೆಯಾಗುವುದಿಲ್ಲವೇ ಎಂದು ಮೇಲಿನಿಂದಲೇ ಕೇಳುತ್ತಾರೆ.

ಈಕೆ ಕತ್ತೆತ್ತುತ್ತಾರೆ. "ಆಗ್ತಿದೆ ಸ್ವಾಮಿ. ಇದೊಂದು ಹಾಕಿ ಬರ್ತೀನಿ, ತಡೀರಿ."

ಒಂಬತ್ತು ವರ್ಷಗಳಿಂದ ಇದೇ ನದಿಯ ಕಸ ಎತ್ತುತ್ತಿರುವವರು ಇವರು. ನದಿಯಂಚಿನ ಮನೆಗಳವರು ಇವರನ್ನು ಕರೆಯುವುದು ಮೊಸಳೆಯಕ್ಕ ಎಂದು. ಮಂಜಿನಲ್ಲಿ ನೀರಿನ ಮಟ್ಟಕ್ಕೆ ತಲೆ, ಭುಜ ಮಾತ್ರ ಕಾಣುತ್ತ ಸದ್ದಿಲ್ಲದೆ ಸರಿದುಬರುವುದನ್ನು ನೋಡಿದವರು ಇಟ್ಟ ಹೆಸರು. ಅವರಿಗೆ ಬೇಸರವೇನಿಲ್ಲ. "ಲಾಂಡ್ರೀಲಿ ಏಳನೇ ನಂಬರ್ ಅಂತಾರೆ. ಅದಕ್ಕಿಂತ ಇದೇ ವಾಸಿ."

ಲಾಂಡ್ರಿ ಎಂದರೆ ಹೋಟೆಲುಗಳ, ಆಸ್ಪತ್ರೆಗಳ ಹಾಸು ಹೊದಿಕೆಗಳನ್ನೆಲ್ಲ ಒಗೆದು ಕೊಡುವ ದೊಡ್ಡ ಶೆಡ್ಡು. ನದಿಯಿಂದ ಎರಡು ರಸ್ತೆ ಆಚೆಗಿದೆ. ಹನ್ನೊಂದು ಗಂಟೆಗೆ ಶುರುವಾಗುವ ಪಾಳಿಯಲ್ಲಿ ಹನ್ನೊಂದು ಹೆಂಗಸರು. ಏಳನೇ ಇಸ್ತ್ರಿ ಯಂತ್ರದ ಮುಂದೆ ಈಕೆ ಇಪ್ಪತ್ತೊಂದು ವರ್ಷದಿಂದ ನಿಂತಿದ್ದಾರೆ. ಒಗೆಯುವ ಯಂತ್ರಗಳು ಹೊರಹಾಕುವ ನೀರು ನೆಲದ ಕಾಲುವೆಗೆ ಬೀಳುತ್ತದೆ. ಅದು ಸರಾಗವಾಗಿ ಹರಿಯದೆ ಉಕ್ಕಿ ಇಡೀ ಶೆಡ್ಡಿನಲ್ಲಿ ಪಾದ ಮುಳುಗುವಷ್ಟು ನಿಲ್ಲುತ್ತದೆ. ಎಂಟು ಗಂಟೆ ಆ ನೀರಿನಲ್ಲೇ. ಹನ್ನೊಂದು ಜನರ ಬೆರಳ ಸಂದಿಯೂ ಬಿರಿದು ಬೆಳ್ಳಗಾಗಿದೆ. ಸೂಪರ್‌ವೈಸರ್ ಪ್ರತಿ ವರ್ಷ ಪೈಪು ಬದಲಿಸುವ ಮಾತಾಡುತ್ತಾರೆ, ಪ್ರತಿ ವರ್ಷ ಒಂದೊಂದು ಡಬ್ಬಿ ಮುಲಾಮು ಹಂಚುತ್ತಾರೆ.

ನದಿ ಸ್ವಚ್ಛ ಮಾಡಬೇಕೆಂದು ಏಕೆ ಅನ್ನಿಸಿತು ಎಂದು ಕೇಳಿದರೆ ಮೊಸಳೆಯಕ್ಕ ಗಲಿಬಿಲಿಗೊಳ್ಳುತ್ತಾರೆ. ಹಾಗೇನೂ ಅನ್ನಿಸಿರಲಿಲ್ಲವಂತೆ. ಮುಚ್ಚಿಹೋದ ಬೋಟಿಂಗ್ ಕ್ಲಬ್ಬಿನ ಸಾಮಾನು ಗುಜರಿಗೆ ಬಂದಿತ್ತು. ತಮ್ಮ ಹೊಲಿಗೆ ಅಂಗಡಿಗೆ ಒಂದು ಕುರ್ಚಿ ನೋಡಲು ಹೋದ ಗಂಡನ ಜೊತೆ ಈಕೆಯೂ ಹೋಗಿದ್ದರು. ಕುರ್ಚಿ ಸರಿಬರಲಿಲ್ಲ. ತಳ ಒಡೆದ ಕಯಾಕ್ ಮನೆಗೆ ಬಂತು. ಬಕೆಟ್ಟಿನ ಚೂರು ಕರಗಿಸಿ ತೇಪೆ ಹಾಕಿದ್ದಾಯಿತು.

"ಸೇತುವೆ ಆಚೆ ನದಿ ಎಲ್ಲಿಗೆ ತಿರುಗುತ್ತೆ ಅಂತ ನೋಡ್ಬೇಕಿತ್ತು, ಅಷ್ಟೇ. ಹುಟ್ಟು ಹಾಕಿದ್ರೆ ಚೀಲ ಸಿಕ್ಕೊಳ್ತಿತ್ತು. ಚೀಲ ತೆಗೆದ್ರೆ ಮುಂದಕ್ಕೆ ಹೋಗ್ಬಹುದು. ಮುಂದಕ್ಕೆ ಹೋಗೋಕೆ ತೆಗ್ದೆ. ಹಂಗೇ ತೆಗೀತಾ ತೆಗೀತಾ ಇಲ್ಲಿಗೆ ಬಂದೆ."

ದಿನಕ್ಕೆ ಎರಡು ಗಂಟೆ, ನಾಲ್ಕು ಚೀಲ. ಚೀಲ ಹೊಲಿಯುವುದು ಗಂಡ. ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ಕತ್ತರಿಸಿ ಹೊಲಿದ ಆ ಚೀಲಗಳ ಮೇಲೆ ಯಾರದೋ ಅರ್ಧ ನಗು, ಯಾರದೋ ಕೈಗಡಿಯಾರ ಕಟ್ಟಿದ ಕೈ. ಅವರಿಗೆ ನೀರೆಂದರೆ ಭಯ. ದಡದಲ್ಲೇ ಕೂತು ಕಸ ಬೇರ್ಪಡಿಸುತ್ತಾರೆ, ಲೆಕ್ಕ ಬರೆಯುತ್ತಾರೆ. ಒಂಬತ್ತು ವರ್ಷದಲ್ಲಿ ಸಿಕ್ಕ ಚಪ್ಪಲಿಗಳು ಎರಡು ಸಾವಿರದ ಮುನ್ನೂರು. ಅದರಲ್ಲಿ ಎಡಗಾಲಿನವೇ ಹೆಚ್ಚು. ಏಕೆಂದು ಗಂಡನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಈ ಊರಿನವರು ಬಲಗಾಲನ್ನು ಜೋಪಾನ ಮಾಡುತ್ತಾರೆ ಎಂದು ಗಂಡ ಷರಾ ಬರೆದಿದ್ದಾರೆ.

ಕಥೆ ಕೆಡಲು ಶುರುವಾದದ್ದು ಒಂದೂವರೆ ತಿಂಗಳ ಹಿಂದೆ. ಸೇತುವೆಯಿಂದ ಸ್ವಲ್ಪ ಮೇಲೆ, ಜೊಂಡಿನ ಮರೆಯಲ್ಲಿ, ಹಳೆಯ ಮೋರಿಯ ಬಾಯೊಂದು ಮೊಸಳೆಯಕ್ಕನ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಅದು ಅವರಿಗೇ ಕಂಡಿರಲಿಲ್ಲ. ಬಾಯ್ತುಂಬ ಕಸ. ಬಾಟಲಿ, ಬಟ್ಟೆ, ಟಯರು, ಎಲ್ಲದಕ್ಕೂ ಬಿರಡೆಯಂತೆ ನಡುವೆ ಉಬ್ಬಿ ಕೂತ ಈ ಹಾಸಿಗೆ. ಅದನ್ನು ಬಿಡಿಸಲು ಹದಿನೇಳು ದಿನ ಹಿಡಿಯಿತು. ಹಾಸಿಗೆ ಕಿತ್ತುಬಂದ ದಿನ ಗಂಡ ದಡದಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದರು. ಒಂಬತ್ತು ವರ್ಷದಲ್ಲಿ ಅದೊಂದೇ ಚಪ್ಪಾಳೆ.

ಅವತ್ತು ಹನ್ನೊಂದಕ್ಕೆ ಪಾಳಿಗೆ ಹೋದರೆ ಲಾಂಡ್ರಿಯ ನೆಲ ಒಣಗಿತ್ತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರಗಳು ಸುರಿದ ನೀರು ಗುಳುಗುಳು ಎಂದು ಓಡಿಹೋಗುತ್ತಿತ್ತು. ಎಂಟನೇ ಯಂತ್ರದ ಹೆಂಗಸು, ಎಲ್ಲರಿಗಿಂತ ಹಿರಿಯರಾದ್ದರಿಂದ ಎಲ್ಲರಿಗೂ ದೊಡ್ಡಮ್ಮ, ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ಬಂದು, ಯಾವ ಪುಣ್ಯಾತ್ಮ ಮಾಡಿದನೋ ಅವನ ಹೊಟ್ಟೆ ತಣ್ಣಗಿರಲಿ ಎಂದರು. ಏಳನೇ ನಂಬರಿಗೂ ಅಷ್ಟೇ ಖುಷಿ, ಅಷ್ಟೇ ಅಚ್ಚರಿ. ಪೈಪು ಬದಲಿಸಿರಬೇಕು ಎಂದುಕೊಂಡರು.

ನಾಲ್ಕನೇ ದಿನ ಸೇತುವೆಯ ಕೆಳಗಿನ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆ ಮಡುವಿನಲ್ಲಿ ಬಲೆ ಹಾಕುವವನು ಒಬ್ಬನೇ. ಮನೆಮಂದಿಯೆಲ್ಲ ಆ ಬಲೆಯನ್ನೇ ನಂಬಿದವರು. ಮೊಸಳೆಯಕ್ಕನಿಗೆ ಇಷ್ಟು ವರ್ಷ ದಿನವೂ ಕೈಯೆತ್ತುತ್ತಿದ್ದವನು ಅವತ್ತು ಎತ್ತಲಿಲ್ಲ. ಮೋರಿಯಿಂದ ಹಾಲಿಗೆ ನೀಲಿ ಬೆರೆಸಿದಂಥ ನೀರು ಇಳಿಯುತ್ತಿತ್ತು. ಎಲ್ಲೋ ಮೂಸಿದ ವಾಸನೆ. ಎಲ್ಲಿ ಎಂದು ಹೊಳೆಯದೆ ಈಕೆ ಮೂಗು ಒರೆಸಿಕೊಂಡರು. ಕೈಯಲ್ಲೂ ಅದೇ ವಾಸನೆ. ಅದು ಈಗ ನೀರಿನಿಂದ ಅಂಟಿದ್ದೋ, ನಿನ್ನೆಯಿಂದಲೇ ಇದ್ದದ್ದೋ, ಇಪ್ಪತ್ತೊಂದು ವರ್ಷದಿಂದ ಇದ್ದದ್ದೋ?

ದೋಣಿಯಲ್ಲಿ ಮಲಗಿಕೊಂಡೇ, ಮೋರಿಯ ಗೋಡೆಗೆ ಅಂಗೈ ಒತ್ತಿ ಒತ್ತಿ ಒಳಗೆ ಹೋದರು. ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ನೊರೆ, ನೊರೆಯ ಮೇಲೆ ಪುಟ್ಟ ಪುಟ್ಟ ನೀಲಿ ಬಿಲ್ಲೆಗಳು. ಹೊದಿಕೆಗಳು ಅದಲುಬದಲಾಗದಿರಲೆಂದು ಲಾಂಡ್ರಿಯಲ್ಲಿ ಚುಚ್ಚುವ ಗುರುತಿನ ಬಿಲ್ಲೆಗಳು. ಈಕೆ ದಿನಕ್ಕೆ ಇನ್ನೂರು ಚುಚ್ಚುತ್ತಾರೆ. ಲಾಂಡ್ರಿಯ ಕಾಲುವೆ ಬಂದು ಸೇರುವುದು ಈ ಮೋರಿಗೇ.

ಆಮೇಲಿನ ವಾರ ಏನೇನು ಮಾಡಿದಿರಿ ಎಂದು ಕೇಳಿದರೆ ಕ್ರಮವಾಗಿ ಹೇಳಲು ಅವರಿಗೆ ಆಗುವುದಿಲ್ಲ. ಸೂಪರ್‌ವೈಸರ್‌ಗೆ ಹೇಳಿದ್ದುಂಟು. ನೀರು ಎಲ್ಲಿಗಾದರೂ ಹೋಗಲೇಬೇಕಲ್ಲಮ್ಮ ಎಂದು ಅವರು ಸಮಾಧಾನ ಮಾಡಿದ್ದುಂಟು. ನಗರಸಭೆಯ ಕಚೇರಿಗೆ ಹೋದರೆ, ಅಂಥ ಮೋರಿ ತಮ್ಮ ನಕ್ಷೆಯಲ್ಲಿ ಇಲ್ಲ, ಆದ್ದರಿಂದ ಅದರಿಂದ ಏನೂ ಬರುತ್ತಿಲ್ಲ ಎಂದರು. ಮರಳಿನ ಮೂಟೆ ಇಟ್ಟು ನೋಡಿದರು, ನೀರಿನ ರಭಸಕ್ಕೆ ಎರಡೇ ದಿನಕ್ಕೆ ಕೊಚ್ಚಿಹೋದವು. ಹಾಸಿಗೆಯಾದರೆ ನೀರು ಕುಡಿದು ಉಬ್ಬಿ ಅಲ್ಲಾಡದೆ ಕೂರುತ್ತದೆ. ಕಸದ ಲಾರಿ ಇಷ್ಟು ದಿನವಾದರೂ ಬಂದಿರಲಿಲ್ಲವಾದ್ದರಿಂದ ಅದು ದಡದಲ್ಲೇ ಬಿದ್ದಿತ್ತು.

ಇಡಬೇಕೇ, ಬೇಡವೇ? ಇಟ್ಟರೆ ಜೊತೆಯ ಹತ್ತು ಜನರ ಪಾದ ಮತ್ತೆ ನೀರಿಗೆ ಬೀಳುತ್ತದೆ. ಇಡದಿದ್ದರೆ ಮಡು ಸಾಯುತ್ತದೆ. ಮೂರು ದಿನ ಇದನ್ನೇ ಕೇಳುತ್ತಿದ್ದ ಹೆಂಡತಿಗೆ ಗಂಡ ಹೇಳಿದ್ದು ಸಮಾಧಾನವೋ ಕುಹಕವೋ ಇವತ್ತಿಗೂ ಗೊತ್ತಾಗಿಲ್ಲ.

"ನೋಡೇ, ಒಂಬತ್ತು ವರ್ಷದಿಂದ ನೀನು ನದಿ ಕಾಯ್ತಿದ್ದೀಯ ಅಂದ್ಕೊಂಡಿದ್ದೆ. ಆ ಹಾಸಿಗೆ ಕಾಯ್ತಿತ್ತು."

ಹಾಗೆ ಬಂದದ್ದು ಸೇತುವೆಯ ಮೇಲಿನವರು ಕಂಡ ಆ ಬೆಳಗು. ಮೊಸಳೆಯಕ್ಕ ಹಾಸಿಗೆಯನ್ನು ಮಡಚಿ, ಮೊಣಕೈಯಿಂದ ಗುದ್ದಿ, ಮೋರಿಯ ಬಾಯಿಗೆ ತುರುಕುತ್ತಾರೆ. ಸುತ್ತ ಚೀಲಗಳನ್ನು ಒತ್ತುತ್ತಾರೆ. ನೀರಿನ ಬಣ್ಣ ತೆಳುವಾಗುತ್ತ ಹೋಗಿ ಕೊನೆಗೆ ಒಂದು ಎಳೆಯಷ್ಟೇ ಉಳಿಯುತ್ತದೆ. ಕೆಲಸ ಚೆನ್ನಾಗಿ ಆಯಿತು ಎಂಬ ಸಂತೋಷ ಮುಖದ ಮೇಲೆ ಬಂದೇಬಿಡುತ್ತದೆ. ಆ ಸಂತೋಷವನ್ನು ಏನು ಮಾಡುವುದೆಂದು ತಿಳಿಯದೆ ಅವರು ನೀರಿಗೆ ಕೈ ಅದ್ದಿ ಮುಖ ತೊಳೆಯುತ್ತಾರೆ.

ಅವತ್ತು ಪಾಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ನೀರು ಏರುತ್ತದೆ. ಹೆಂಗಸರು ನಿಟ್ಟುಸಿರು ಬಿಟ್ಟು ಸೀರೆಯೋ ಪೈಜಾಮವೋ ಎತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಮೊಸಳೆಯಕ್ಕ ಯಂತ್ರ ನಿಲ್ಲಿಸಿ, ಆ ನೀರಿನಲ್ಲೇ ನಿಂತು ಎಲ್ಲವನ್ನೂ ಹೇಳುತ್ತಾರೆ: ಒಣಗಿಸಿದ್ದೂ ನಾನೇ, ನೆನೆಸಿದ್ದೂ ನಾನೇ. ಯಾರೂ ಕೂಗಾಡುವುದಿಲ್ಲ. ಮೀನಿಗೆ ಇರುವ ಬೆಲೆ ನಮಗಿಲ್ಲ ಎಂದು ಒಬ್ಬರು ಗೊಣಗಿ ಕೆಲಸಕ್ಕೆ ತಿರುಗುತ್ತಾರೆ. ಐದು ದಿನ ಇವರ ಜೊತೆ ಯಾರೂ ಊಟದ ಡಬ್ಬಿ ಬಿಚ್ಚುವುದಿಲ್ಲ.

"ಅವರು ಬೈದಿದ್ರೆ ಒಳ್ಳೇದಿತ್ತು," ಎನ್ನುತ್ತಾರೆ. "ಬೈದೋರಿಗೆ ಉತ್ತರ ಕೊಡ್ಬಹುದು. ನನ್ನ ಹತ್ರ ಉತ್ತರ ಇಲ್ಲ ಅನ್ನೋದೂ ಅವಾಗ್ಲೇ ಗೊತ್ತಾಗ್ತಿತ್ತು."

ಆರನೇ ದಿನ ದೊಡ್ಡಮ್ಮ ಇಸ್ತ್ರಿಯಿಂದ ತಲೆಯೆತ್ತದೆ, ಆ ಮಡು ಅಂದರೆ ಎಲ್ಲಿ ಬರುತ್ತದೆ ಎಂದು ಕೇಳುತ್ತಾರೆ. ಮುಂದಿನ ರಜೆಯ ದಿನ ಬೆಳಿಗ್ಗೆ ಒಬ್ಬರೇ ದಡಕ್ಕೆ ಬರುತ್ತಾರೆ. ಇಪ್ಪತ್ತೆಂಟು ವರ್ಷ ಎರಡು ರಸ್ತೆ ಆಚೆ ದುಡಿದವರು ಈ ನದಿಯನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲಂತೆ. ಲಾಂಡ್ರಿ ನೀರಿಗೆ ಬೇರೆ ಪೈಪು ಹಾಕಿಸಲು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸೋಣ ಎಂದು ಮೊಸಳೆಯಕ್ಕ ಶುರುಮಾಡಿದರೆ, ಸಹಿ ಇರಲಿ, ಮೊದಲು ತೋರಿಸು ಎಂದು ಬಾಯಿ ಮುಚ್ಚಿಸುತ್ತಾರೆ.

ಬಲೆಯವನು ಮೀನು ಸತ್ತ ದಿನದಿಂದ ಬರಿಗೈಯಲ್ಲೇ ಹೋಗುತ್ತಿದ್ದವನು. ಇಬ್ಬರಿಗೂ ಬೆನ್ನು ಕೊಟ್ಟು ಬಲೆ ಬೀಸುತ್ತಾನೆ, ನಿಧಾನ ಎಳೆಯುತ್ತಾನೆ. ಬಲೆಯ ತುಂಬ ಜೊಂಡು. ಜೊಂಡನ್ನು ಬಿಡಿಸುತ್ತ ಬಿಡಿಸುತ್ತ ಅವನ ಬೆರಳು ಒಂದು ಕಡೆ ನಿಲ್ಲುತ್ತದೆ. ಎರಡೂ ಅಂಗೈ ಬಟ್ಟಲು ಮಾಡಿಕೊಂಡು ಬಂದು ಮೊಸಳೆಯಕ್ಕನ ಮುಂದೆ ಹಿಡಿಯುತ್ತಾನೆ. ಒಂದಿಷ್ಟು ನೀರು, ನೀರಿನಲ್ಲಿ ಕಿರುಬೆರಳುದ್ದದ ಮೀನು. ಕಿವಿರು ಆಡುತ್ತಿದೆ.

ದೊಡ್ಡಮ್ಮ ಬಗ್ಗಿ ನೋಡುತ್ತಾರೆ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡುತ್ತಾರೆ.

"ಇದಕ್ಕಾ ನಾವು ನೀರಲ್ಲಿ ನಿಂತಿರೋದು?"

"ಹ್ಞೂಂ ದೊಡ್ಡಮ್ಮ. ಇದಕ್ಕೇ."

"ಇಷ್ಟೇ ಇಷ್ಟಿದೆಯಲ್ಲೇ."

ಬಲೆಯವನು ಮಂಡಿಯೂರಿ ಅಂಗೈಯನ್ನು ಮಡುವಿಗೆ ಇಳಿಸುತ್ತಾನೆ. ಮೀನು ಒಂದು ಗಳಿಗೆ ಅಲ್ಲೇ ನಿಂತು, ಎತ್ತ ಹೋಗುವುದೆಂದು ತಿಳಿಯದಂತೆ ಸುತ್ತು ಹೊಡೆದು, ಆಳಕ್ಕೆ ಇಳಿಯುತ್ತದೆ. ಮೊಸಳೆಯಕ್ಕ ಅದು ಹೋದ ಕಡೆಯೇ ನೋಡುತ್ತಿದ್ದಾರೆ.

"ಬೆಳೆಯುತ್ತೆ," ಎನ್ನುತ್ತಾರೆ.