ಶರಬತ್ತಿನ ಹೊತ್ತಿನ ಹಾಡು

ಬೆಳಿಗ್ಗೆ ಹತ್ತೂವರೆಗೆ ಒನೋಫ್ರಿಯೊ ಲಸೋರ್ಸ ನಾಟಕಶಾಲೆಯ ಹಿಂಬಾಗಿಲಲ್ಲಿ ಕೂತು, ಸಂಜೆ ತಾನು ತೊಡಬೇಕಾದ ರೋಮನ್ ಯೋಧನ ಹಿತ್ತಾಳೆ ಎದೆಕವಚಕ್ಕೆ ಬೂದಿ, ನಿಂಬೆಸಿಪ್ಪೆ ಹಾಕಿ ಉಜ್ಜುತ್ತಿದ್ದ. ಅದು ಉಡುಪು ನೋಡಿಕೊಳ್ಳುವವರ ಕೆಲಸ. ಆದರೆ ಅಂದು ಅವನ ಅಪ್ಪ ಕತಾಲ್ದೊ, ತಮ್ಮೂರು ಬಿತೊಂತೊದಿಂದ ನೇಪಲ್ಸಿಗೆ ಬರುವವನಿದ್ದ. ಮಗ ಹಾಡುವುದನ್ನು ಮೊದಲ ಸಲ ಕೇಳುವವನಿದ್ದ.

ನಾನು ಅಲ್ಲಿ ರಂಗದ ಮುಂದಿನ ವಾದ್ಯಮೇಳದಲ್ಲಿ ವಿಯೋಲ ನುಡಿಸುತ್ತಿದ್ದೆ.

"ಚೆನ್ನಾಗಿ ಹೊಳೀಲಿ ಮಾರಾಯ," ಎಂದೆ. "ದೊಡ್ಡ ಗಾಯಕರು ಅದರಲ್ಲೇ ಮುಖ ನೋಡ್ಕೊಂಡು ಗಡ್ಡ ಹೆರ್ಕೋಬಹುದು."

"ಅವರಿಗೆಲ್ಲಿದೆ ಗಡ್ಡ?" ಎಂದ ಅವನು, ತಲೆಯೆತ್ತದೆ. "ನನಗಾದರೂ ಎಲ್ಲಿದೆ?"

ದೊಡ್ಡ ಗಾಯಕರೂ ಅವನೂ, ದನಿ ಒಡೆಯಬಾರದೆಂದು ಎಳೆಯದರಲ್ಲೇ ಮನೆಯವರು ಬೀಜ ತೆಗೆಸಿದ ಗಂಡಸರು. ಹಾಗೆ ಮಾಡಿಸುವುದು ಕಾನೂನಿಗೂ ಚರ್ಚಿಗೂ ಅಪರಾಧ. ಆದ್ದರಿಂದ ಎಲ್ಲ ಮನೆಗಳಲ್ಲೂ ಒಂದೇ ಮಾತು: ಮಗುವಿಗೆ ಹಂದಿ ಕಚ್ಚಿತು. ಕತಾಲ್ದೊ ಹೇಳುತ್ತಿದ್ದದ್ದೂ ಅದನ್ನೇ.

ಅಂಥವರಲ್ಲಿ ಹೆಸರು ಮಾಡಿದವರು ಬಹಳ ಕಡಿಮೆ. ಒನೋಫ್ರಿಯೊನ ದನಿ ಶುದ್ಧವಾಗಿತ್ತು, ಆದರೆ ಸಣ್ಣದು. ಸಾಯುವವರೆಗೂ ಅವನಿಗೆ ಸಿಕ್ಕಿದ್ದು ದೂತ, ಗೆಳೆಯ, ಕಿರಿಯ ಮಗ ಇಂಥ ಪಾತ್ರಗಳೇ. ಆಟಕ್ಕೊಂದು ಹಾಡು, ಅದೂ ಮಂಜಿನಲ್ಲಿ ಹೆಪ್ಪುಗಟ್ಟಿಸಿದ ಶರಬತ್ತು ಮಾರುವವನು ಬೆಂಚುಗಳ ನಡುವೆ ಬರುವ ಹೊತ್ತಿಗೆ. ಆ ಹೊತ್ತು ಸಣ್ಣ ಗಾಯಕರಿಗೇ ಮೀಸಲು.

"ಅಪ್ಪ ಒಂದ್ಸಲ ಕೇಳಲಿ," ಎಂದ. "ಕೇಳಿ, ಇದಕ್ಕೋಸ್ಕರ ನಾನೇ ಮಾಡಿಸ್ದೆ ಅನ್ನಲಿ. ಹಂದಿ ಅನ್ನೋದು ಬೇಡ. ನನಗಷ್ಟು ಸಾಕು."

ಸಂಜೆ ಕತಾಲ್ದೊನನ್ನು ನನ್ನ ಬೆನ್ನ ಹಿಂದಿನ ಬೆಂಚಿನಲ್ಲೇ ಕೂರಿಸಿದೆ. ಅಂದಿನ ಆಟ, ರೋಮಿಗೆ ದ್ರೋಹ ಬಗೆದ ಮಕ್ಕಳಿಗೆ ತಾನೇ ಮರಣದಂಡನೆ ಕೊಟ್ಟ ಬ್ರೂಟಸನದು. ಕಿರಿಯ ಮಗ ಒನೋಫ್ರಿಯೊ. ಕೊಡಲಿಯ ಬಳಿಗೆ ಒಯ್ಯುವ ಮುನ್ನ ಒಮ್ಮೆ ನನ್ನ ಮುಖ ನೋಡಪ್ಪ ಎಂದು ಅವನು ಹಾಡಬೇಕು.

ಒನೋಫ್ರಿಯೊ ಬ್ರೂಟಸನಿಗೆ ಬೆನ್ನು ಹಾಕಿ, ನನ್ನ ಹಿಂದಿನ ಬೆಂಚನ್ನು ನೋಡುತ್ತ ಹಾಡಿದ. ಅವನು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ನೀವು ಅವರ ತಂದೆಯಾ?" ಹಿಂದಿನಿಂದ ಶರಬತ್ತಿನವನ ದನಿ. "ದುಡ್ಡು ಬೇಡ ಯಜಮಾನ್ರೇ. ಅವರು ಹಾಡೋ ಹೊತ್ತಲ್ಲೇ ನಮ್ಮ ಹೊಟ್ಟೆಪಾಡು. ನಿಂಬೆಯದೋ, ಹಾಲಿನದೋ?"

"ಎರಡೂ ಹಾಕಪ್ಪ," ಎಂದ ಕತಾಲ್ದೊ. "ಇದೇನು, ಇಷ್ಟು ತಣ್ಣಗಿದೆ? ಹಲ್ಲು ಜುಂ ಅಂತಿದೆ."

ಕಮಾನು ತಂತಿಯ ಮೇಲಿತ್ತು, ನಾನು ತಿರುಗುವಂತಿರಲಿಲ್ಲ. ಹಾಡು ಮುಗಿಯುವವರೆಗೂ ಚಮಚ ಬಟ್ಟಲಿನ ತಳ ಕೆರೆಯುತ್ತಲೇ ಇತ್ತು.

ಆಟ ಮುಗಿದ ಮೇಲೆ ಒನೋಫ್ರಿಯೊ ಮುಖದ ಬಣ್ಣ ಒರೆಸದೆ ಓಡಿಬಂದ.

"ಕೇಳಿಸ್ತಾ ಅಪ್ಪ?"

"ಕೇಳಿಸ್ದೆ ಇರುತ್ತಾ? ಆ ಕೆಂಪು ನಿಲುವಂಗಿ ಹಾಕ್ಕೊಂಡು ಹಾಡಿದ್ಯಲ್ಲ, ಭರ್ಜರಿ."

"ಅದು ನಾನಲ್ಲ."

"ಅಲ್ವಾ?" ಕತಾಲ್ದೊ ಸ್ವಲ್ಪ ಯೋಚಿಸಿದ. "ಹಾಗಾದ್ರೆ ಶರಬತ್ತು ತಂದಾಗ ಬಂದಿರ್ತೀಯ. ಹೋಗ್ಲಿ ಬಿಡು." ಆಮೇಲೆ ನನ್ನ ಕಡೆ ತಿರುಗಿ, ಮಗನ ಕವಚದ ಮೇಲೆ ಕೈಯಾಡಿಸುತ್ತ ಹೇಳಿದ: "ನೋಡಿ ಸ್ವಾಮಿ, ಆ ಹಂದಿ ಕಚ್ಚದೆ ಇದ್ದಿದ್ರೆ ಇವನೂ ನನ್ನ ಹಾಗೆ ಆಲಿವ್ ಮರ ಸವರ್ತಾ ಇರ್ತಿದ್ದ. ಆಗ ಇವನಿಗೇನು, ಐದೋ ಆರೋ ವರ್ಷ. ಇವನಿಗೆಲ್ಲಿ ನೆನಪಿರುತ್ತೆ?"

ಒನೋಫ್ರಿಯೊ ಅಪ್ಪನ ಕೈಯನ್ನು ಕವಚದ ಮೇಲಿಂದ ಮೆಲ್ಲಗೆ ತೆಗೆದ.

"ಎಂಟು," ಎಂದ.