ಕಾಲಿನ ಮ್ಯಾಲೆ ಕೆಮ್ಮಣ್ಣಿನ ಗೆರಿ

ಭಾಲ್ಕಿಯ ಸಾಲ್ಯಾಗ ಹದಿನೆಂಟು ವರ್ಷ ನರಮಂಡಲದ ಪಾಠ ಮಾಡೀನಿ. ನರ ಅಂದ್ರ ತಂತಿ, ಮೈಲಿನ್ ಅಂದ್ರ ಅದರ ಮ್ಯಾಲಿನ ಹೊದಿಕಿ ಅಂತ ಬರಸಿ, ತಪ್ಪು ಹೇಳಿದವರ ಕಿವಿ ಹಿಂಡೀನಿ. ಅಂಥಾ ನನ್ನ ನರದ ಹೊದಿಕೀನೇ ಕಿತ್ತು ಹೋತು. ಜ್ವರ ಬಂದು ಹೋದ ಮ್ಯಾಲೆ ಎರಡೂ ಕಾಲು ಬಿದ್ದು, ತೊಡಿಯಿಂದ ಕೆಳಗ ಚಿವುಟಿದರೂ ತಿಳೀಲಿಲ್ಲ.

ಬೀದರಿನ ಡಾಕ್ಟರು ಅವ್ವಗ ಬಿಡಿಸಿ ಹೇಳಿದ್ರು. "ರೋಗದ ಮ್ಯಾಲೆ ಬೀಳೋ ಮೈಯೊಳಗಿನ ಕಾವಲಿನವರು ತಪ್ಪಿ ನರದ ಹೊದಿಕಿ ಮ್ಯಾಲೆ ಬಿದ್ದಾರ. ಒಳಗಿನ ನರ ಉಳದಿದ್ರ, ಬಾಜೂಕಿನ ಜೀವಕೋಶ ಅದರ ಸುತ್ತ ಸುತ್ತಿಕೊಂಡು ಹೊಸಾ ಹೊದಿಕಿ ಕಟ್ಟತಾವ. ತಿಂಗಳುಗಟ್ಟಲೆ ಹಿಡೀತದ. ನಡೀತಾರೋ ಇಲ್ಲೋ, ಈಗೇ ಹೇಳಲಿಕ್ಕೆ ಬರಂಗಿಲ್ಲ."

ಅವ್ವ ನಮ್ಮೂರು ಡಾಬಕಾದಾಗ ಕುರಿ ಕಾಯ್ಕೋತ ಮುಪ್ಪಾದಾಕಿ. "ಹೊಸಾದು ಮೊದಲಿನಷ್ಟೇ ದಪ್ಪ ಬರ್ತದೇನ್ರಿ?" ಅಂದಳು.

"ಇಲ್ಲವ್ವಾ, ತುಸು ತೆಳ್ಳಗ."

"ಬ್ಯಾನಿ ಬಿದ್ದೆದ್ದ ಕುರಿಗೆ ಮತ್ತ ಬೆಳಿಯೋ ಉಣ್ಣೀನೂ ಹಂಗೇರಿ."

ಹದಿನೆಂಟು ವರ್ಷದಾಗ ನನಗ ಈ ಪ್ರಶ್ನೆ ಹೊಳದಿರಲಿಲ್ಲ. ಆದರ ಅವ್ವನ ಶಾಣ್ಯಾತನ ಅಲ್ಲಿಗೇ ನಿಲ್ಲಲಿಲ್ಲ. ಉಣ್ಣಿ ಕತ್ತರಿಸಿದ ಕುರಿಗೆ ಗಾಳಿ ತಾಗಬಾರದಂತ, ಮೇ ತಿಂಗಳ ಬಿಸಿಲಾಗ ಫ್ಯಾನ್ ಬಂದ್ ಮಾಡಿ ನನ್ನ ಕಾಲಿಗೆ ಕಂಬಳಿ ಹೊಚ್ಚಿದಳು. ಮೈತುಂಬ ಬೆವರುಗುಳ್ಳಿ ಎದ್ದು, ಡಾಕ್ಟರು ಬೈದ ಮ್ಯಾಲೇ ತಗದದ್ದು.

ಆಮ್ಯಾಲೆ ಇನ್ನೊಂದು ಹಿಡದಳು. ಐತವಾರಕ್ಕೊಮ್ಮೆ ಹೆಬ್ಬೆರಳಿಂದ ಕಾಲು ಒತ್ತಕೋತ ಇಳಿದು, ನನಗ ಎಲ್ಲೀತನಕ ತಿಳೀತದೋ ಅಲ್ಲಿ ಕುರಿಗೆ ಗುರುತು ಹಚ್ಚೋ ಕೆಮ್ಮಣ್ಣಿನ ಗೆರಿ ಎಳಿಯೋದು.

"ಕಣ್ಣು ಮುಚ್ಚು. ಸುಳ್ಳು ಹೇಳಿದ್ರ ನಿನ್ನ ಕಿವೀನೂ ಹಿಂಡ್ತೇನಿ."

ನೋಡಲಿಕ್ಕೆ ಬಂದ ಮಂದಿ, "ಮಾಸ್ತರನ್ನ ಔರಾದ ಕುರಿ ಸಂತಿಗೆ ಒಯ್ತೀರೇನ್ರಿ?" ಅಂತ ನಗತಿದ್ರು. "ಇವನ್ನ ಯಾರು ಕೇಳ್ತಾರ್ರಿ? ಉಣ್ಣೀನೂ ಇಲ್ಲ, ಮಾಂಸಾನೂ ಇಲ್ಲ," ಅಂತಿದ್ದಳು ನನ್ನ ಹಡದವ್ವ.

ದೀಪಾವಳಿ ಹೊತ್ತಿಗೆ ಗೆರಿ ಮೊಣಕಾಲು ದಾಟಿತು. ಸಂಕ್ರಾಂತಿಗೆ ಹಿಮ್ಮಡಿ ಹತ್ರ ಬಂದದ್ದು ಅಲ್ಲೇ ಕುಂತುಬಿಡ್ತು. ಕಾಲಿಗೆ ಬಲ ಬಂದಿತ್ತು, ಖರೆ. ಆದರ ನೆಲ ಅಂಗಾಲಿಗೆ ತಿಳೀಬೇಕಲ್ಲ? ಗ್ವಾಡಿ ಹಿಡದ ಕೈ ಬಿಟ್ರ ಬೀಳತಿದ್ದೆ. ಇನ್ನ ಇಷ್ಟೇ ಅಂತ ನಾನು ಒಳಗೊಳಗೇ ಕೈಚೆಲ್ಲಿದ್ದೆ. ಅವ್ವ ಮಾತ್ರ ವಾರಾ ವಾರಾ ಅದೇ ಹಿಮ್ಮಡಿಗೆ ಗೆರಿ ಎಳದು, "ಹಠಮಾರಿ ಟಗರು" ಅಂತ ಅಣಕಿಸಿ ಎದ್ದು ಹೋಗತಿದ್ದಳು.

ಒಂದು ಐತವಾರ ಕಣ್ಣು ಮುಚ್ಚಿ ಕುಂತಾಗ ಅಂಗಾಲಿಗೆ ಆಕಿ ಹೆಬ್ಬೆರಳು ತಾಗಿದ್ದು ತಿಳೀತು. ಅದು ನಡಗಲಿಕ್ಕೆ ಹತ್ತಿದ್ದೂ ತಿಳೀತು.

"ತಿಳೀತೇನೋ ಮಾಸ್ತರ?" ಅಂದಳು. ದನಿಯೊಳಗ ಅದೇ ಅಣಕು, ಅದೇ ಚಾಷ್ಟಿ.

ಗೆರಿ ದಾಟಿ, ನನಗ ತಿಳೀದ ಜಾಗಾದಾಗ ಅದು ಎಷ್ಟು ತಿಂಗಳಿಂದ ಹಿಂಗ ನಡಗತಿತ್ತೋ. ಕಣ್ಣು ತೆರೀದೇ ಹೂಂ ಅಂದೆ.